ಮೆಟುಚೆನ್ನಿನ ಕುಡಿಕೆ

ಅಮೆರಿಕ ಹೇಗಿತ್ತು ಮೇಷ್ಟ್ರೇ ಎಂದು ಕೇಳಿದವರಿಗೆಲ್ಲ ಚಳಿ ಇತ್ತು ಎಂದಷ್ಟೇ ಹೇಳಿದ್ದೇನೆ. ಕೃಷ್ಣರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅದಕ್ಕಿಂತ ಹೆಚ್ಚಿಗೆ ಹೇಳಲಾಗುವುದಿಲ್ಲ. ನಾನು ದೇಶ ನೋಡಲು ಹೋದವನಲ್ಲ. ಮಗಳು ವಾಣಿ ತೀರಿಕೊಂಡು ವರ್ಷ ತುಂಬುತ್ತಿತ್ತು. ಅವಳು ಬದುಕಿದ್ದ ಮನೆಯಲ್ಲಿ ಅವಳ ಹೆಸರಿನಲ್ಲಿ ಎಡೆ ಇಡಲು ಹೋದೆ.

ಅವಳು ಹೋದಾಗ ನಮಗೆ ವೀಸಾ ಸಿಗಲಿಲ್ಲ. ಬೂದಿ ಬಿಡುವುದನ್ನು ಫೋನಿನಲ್ಲಿ ನೋಡಿದೆವು. ಅಳಿಯ ಪ್ರಸನ್ನ ಸಮುದ್ರದ ನೀರಿಗೆ ಬಗ್ಗಿದ್ದು ಕಂಡಿತು. ಅಲ್ಲಿಗೆ ಚಿತ್ರ ನಿಂತುಹೋಯಿತು. ಮತ್ತೆ ಬಂದಾಗ ಅವರು ಕಾರಿನಲ್ಲಿ ಕೂತಿದ್ದರು. ನಡುವೆ ಏನಾಯಿತೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನ್ಯೂವಾರ್ಕ್

ನನ್ನ ಹೆಂಡತಿ ಬರಲಿಲ್ಲ. ಅವಳಿಲ್ಲದ ಮನೆ ನೋಡೋಕೆ ಅಷ್ಟು ದೂರ ಯಾಕೆ ಹೋಗಲಿ ಎಂದಳು. ಆದರೆ ರಾಗಿ ಹಿಟ್ಟು, ಹುರುಳಿಕಾಳು, ಸಾರಿನ ಪುಡಿ ಎಲ್ಲವನ್ನೂ ಅವಳೇ ಗಂಟು ಕಟ್ಟಿದಳು. ಎಡೆಗೆ ಮುದ್ದೆಯೂ ಹುರುಳಿಕಾಳಿನ ಸಾರೂ ಇರಲೇಬೇಕು, ಅಂಗಡಿ ಹಿಟ್ಟು ಬೇಡ ಎಂದು ಎರಡು ಸಲ ಹೇಳಿದಳು.

ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವನು ನನ್ನ ಚೀಲ ಬಿಚ್ಚಿಸಿದ. ಬೂದುಬಣ್ಣದ ಹಿಟ್ಟಿನ ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡಿ ಇದೇನು ಎಂದು ಕೇಳಿದ. ನನ್ನ ಇಂಗ್ಲಿಷ್ ಹೈಸ್ಕೂಲಿನ ಪಿ.ಟಿ. ಮೇಷ್ಟ್ರ ಇಂಗ್ಲಿಷ್; ಅಟೆನ್ಷನ್, ಸ್ಟ್ಯಾಂಡಟೀಸ್ ದಾಟಿದರೆ ತಡವರಿಸುತ್ತದೆ. ಫುಡ್ ಎಂದೆ. ಯಾರಿಗೆ ಎಂದ. ಡಾಟರ್ ಎಂದೆ. ಅವನು ನಕ್ಕು, ನಿಮ್ಮ ಮಗಳು ಅದೃಷ್ಟವಂತೆ ಅನ್ನುವ ಅರ್ಥದ ಮಾತೊಂದನ್ನು ಹೇಳಿ ಪೊಟ್ಟಣ ವಾಪಸು ಕೊಟ್ಟ. ಥ್ಯಾಂಕ್ಯೂ ಎಂದೆ. ಬೇರೇನು ಹೇಳುವುದು?

ಪ್ರಸನ್ನ ಹೊರಗೆ ಕಾಯುತ್ತಿದ್ದರು. ನಮ್ಮ ಕಡೆ ಅಳಿಯನನ್ನು ಬಹುವಚನದಲ್ಲೇ ಮಾತಾಡಿಸುವುದು. ಮೊದಲೇ ಮಾತು ಕಡಿಮೆಯ ಮನುಷ್ಯ, ಈಗ ಇನ್ನೂ ಕಡಿಮೆಯಾಗಿತ್ತು. ಕಾರಿನಲ್ಲಿ ಬಹಳ ಹೊತ್ತು ಹವಾಮಾನದ ಮಾತಾಯಿತು. ಮನೆ ಹತ್ತಿರ ಬಂದಾಗ, ರಸ್ತೆಯ ಮೇಲೇ ಕಣ್ಣಿಟ್ಟು ಹೇಳಿದರು:

"ಶನಿವಾರ ಒಂದು ಮ್ಯಾಚ್ ಇದೆ ಮಾವ. ವಾಣಿ ಫ್ರಾನ್ಸಲ್ಲಿ ಕೆಲಸ ಮಾಡ್ತಿದ್ದ ಕ್ಲಬ್ ಇತ್ತಲ್ಲ, ಅದರ ಹಳೇ ಪ್ಲೇಯರ್ಸ್ ನ್ಯೂಯಾರ್ಕಿಗೆ ಬರ್ತಿದಾರೆ. ಅವರಿಗೆ ಒಂದು ವಸ್ತು ಕೊಡೋಕೆ ಹೇಳಿ ಹೋಗಿದಾಳೆ. ಅದನ್ನ ಕೊಟ್ಟುಬಿಟ್ಟರೆ ನನ್ನ ಕೆಲಸ ಮುಗೀತು."

ಏನು ಕೊಡಬೇಕು ಎಂದು ಆಗಲೇ ಕೇಳಬಹುದಿತ್ತು. ಮಾವ ಅಳಿಯನನ್ನು ಹಾಗೆಲ್ಲ ಕೆದಕುವ ರೂಢಿ ನಮ್ಮಲ್ಲಿ ಇಲ್ಲ.

ಮೆಟುಚೆನ್

ಮನೆ ಚಿಕ್ಕದು, ಮರದ್ದು. ಹಿಂದೆ ಮರದ ಹಲಗೆ ಹಾಸಿದ ಜಗಲಿ, ಡೆಕ್ ಎನ್ನುತ್ತಾರೆ. ರೈಲು ಹೋಗುವ ಸದ್ದು ಅಡುಗೆಮನೆಗೆ ಕೇಳುತ್ತದೆ. ಕೃಷ್ಣರಾಜನಗರದ ನಮ್ಮ ಮನೆಗೂ ಕೇಳುತ್ತದೆ. ಫೋನಿನಲ್ಲಿ ಮಾತಾಡುವಾಗ ನಮ್ಮ ಕಡೆ ರೈಲು ಕೂಗಿದರೆ, "ಅಪ್ಪಾ, ನಿಮ್ಮದಾ ನಮ್ಮದಾ?" ಎಂದು ಕೇಳುತ್ತಿದ್ದಳು.

ಅವಳ ಕೋಣೆಯ ಗೋಡೆಯ ಮೇಲೆ ಆ ಕ್ಲಬ್ಬಿನ ಕೆಂಪು ಬಿಳಿ ಪಟ್ಟೆಯ ಮಫ್ಲರ್, ಒಂದು ಗುಂಪು ಫೋಟೋ. ಎತ್ತುಗಳಂಥ ಗಂಡಸರ ನಡುವೆ ಇವಳು ಒಬ್ಬಳೇ ಮೋಟುಗಾತ್ರದವಳು. ವಾಣಿ ಫಿಸಿಯೋಥೆರಪಿ ಓದಿದವಳು. ಹೆಚ್ಚಿನ ಓದಿಗೆಂದು ಫ್ರಾನ್ಸಿಗೆ ಹೋಗಿ, ನೈಋತ್ಯ ಮೂಲೆಯ ಪುಟ್ಟ ಊರಿನ ಈ ರಗ್ಬಿ ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರಿದ್ದಳು. ಮದುವೆಯಾಗಿ ಇಲ್ಲಿಗೆ ಬರುವವರೆಗೆ ಅಲ್ಲೇ ಇದ್ದಳು. ಅವರ ಕೀಲು ಕೂರಿಸುವುದು, ಉಳುಕು ತೆಗೆಯುವುದು, ಆಟಕ್ಕೆ ಮುಂಚೆ ಮೊಣಕಾಲಿಗೆ, ಹೆಗಲಿಗೆ ಬಿಳಿ ಪಟ್ಟಿ ಸುತ್ತುವುದು ಅವಳ ಕೆಲಸ.

ನಾನು ಜೀವಮಾನವಿಡೀ ಹುಡುಗರಿಗೆ ಕಬಡ್ಡಿ ಆಡಿಸಿದವನು. ಹಾಗಾಗಿ ಪ್ರತಿ ಭಾನುವಾರ ಆ ಕ್ಲಬ್ಬಿನ ಕಥೆ ನನಗೆ ಫೋನಿನಲ್ಲಿ ಬರುತ್ತಿತ್ತು. ನೂರು ವರ್ಷಕ್ಕೂ ಹಿಂದೆ ಉಣ್ಣೆ ಗಿರಣಿಯ ಕೂಲಿಗಳೂ ಒಬ್ಬ ಶಾಲೆ ಮೇಷ್ಟ್ರೂ ಸೇರಿ ಅದನ್ನು ಕಟ್ಟಿದರಂತೆ. ನದಿ ಪಕ್ಕದ ಕುರಿ ಮೇಯುವ ಬಯಲೇ ಮೈದಾನ. ಮೊದಲ ಮಹಾಯುದ್ಧಕ್ಕೆ ಹೋದ ಆಟಗಾರರಲ್ಲಿ ಬಹಳ ಮಂದಿ ಬರಲಿಲ್ಲ. ಅವರ ಹೆಸರು ಕೆತ್ತಿದ ಕಲ್ಲು ಗೇಟಿನ ಬಳಿ ಇತ್ತು, ಅದನ್ನು ಮುಟ್ಟಿಯೇ ಒಳಗೆ ಹೋಗುವುದು. ಕಟುಕ, ಅಂಚೆಯವ, ಬಡಗಿ ಕೆಲಸ ಮುಗಿಸಿ ಬಂದು ಆಡುತ್ತಿದ್ದ ಕಾಲ ಹೋಗಿ ಸಂಬಳಕ್ಕೆ ಆಡುವ ಕಾಲ ಬಂದರೂ ಆ ಪುಟ್ಟ ಊರು ದೊಡ್ಡ ನಗರಗಳ ಎದುರು ಪಟ್ಟು ಬಿಡಲಿಲ್ಲವಂತೆ. ಒಮ್ಮೆ ರಾಷ್ಟ್ರದ ಪ್ರಶಸ್ತಿ ಫಲಕ ಗೆದ್ದಾಗ ಅದನ್ನು ಕಪಾಟಿನಲ್ಲಿಡದೆ ಮನೆಮನೆಗೆ ಹೊತ್ತು ತಿರುಗಿದರಂತೆ, ನಮ್ಮಲ್ಲಿ ಉತ್ಸವಮೂರ್ತಿ ಬಂದ ಹಾಗೆ.

"ಅಪ್ಪಾ, ಇದರಲ್ಲಿ ಚೆಂಡನ್ನ ಕೈಯಲ್ಲಿ ಹಿಂದಕ್ಕೇ ಕೊಡಬೇಕು. ಆದ್ರೆ ಟೀಮು ಮುಂದಕ್ಕೆ ಹೋಗಬೇಕು," ಎಂದು ಮೊದಲ ಸಲ ಹೇಳಿದಾಗ ಇದೆಂಥ ಆಟ ಎಂದು ನಕ್ಕಿದ್ದೆ.

ಮಾರನೆಯ ಬೆಳಿಗ್ಗೆ ಕಾಫಿ ಹಿಡಿದು ಡೆಕ್ಕಿಗೆ ಹೋದೆ. ತೊಲೆಯ ಕೊಕ್ಕೆಗೆ ಹುರಿ ಕಟ್ಟಿ ಒಂದು ಮಣ್ಣಿನ ಕುಡಿಕೆಯನ್ನು ತೂಗುಹಾಕಿತ್ತು. ಬಾಯಿಗೆ ಬಿಳಿ ಬಟ್ಟೆ ಬಿಗಿದಿತ್ತು.

ನಮ್ಮ ಸೀಮೆಯವರು ಯಾರೇ ನೋಡಿದರೂ ಕಾಲು ನಿಲ್ಲುತ್ತಿತ್ತು. ಬೂದಿಯನ್ನು ಕಾವೇರಿಯ ಪಶ್ಚಿಮವಾಹಿನಿಗೆ ಒಯ್ಯುವವರೆಗೆ ನಾವು ಕುಡಿಕೆಗೆ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮನೆಯೊಳಗೆ ತರದೆ ಹೊರಗೆ ಮರಕ್ಕೆ ತೂಗುಹಾಕುತ್ತೇವೆ. ಒಂದು ದಿನ, ಎರಡು ದಿನ. ವರ್ಷವಿಡೀ ಯಾರೂ ಇಟ್ಟುಕೊಳ್ಳುವುದಿಲ್ಲ.

ಪ್ರಸನ್ನ ಬಾಗಿಲಿಗೆ ಬಂದರು. ನಾನು ಕುಡಿಕೆಯ ಕಡೆ ನೋಡಿದೆ.

"ಅದನ್ನೇ ಮಾವ, ಶನಿವಾರ ಕೊಡೋದು," ಎಂದರು. ಕಣ್ಣು ತುಂಬಿ ಬಂತು, ಒಳಗೆ ಹೋದರು.

ನನ್ನ ಕಾಫಿ ಆರಿತು. ಫೋನಿನ ಚಿತ್ರ ನಿಂತುಹೋದ ಆ ನಡುವೆ ಏನಾಗಿತ್ತೆಂದು ಗೊತ್ತಾಯಿತು ಎಂದುಕೊಂಡೆ. ಬೂದಿಯನ್ನು ಪೂರ್ತಿ ಬಿಟ್ಟಿರಲಿಲ್ಲ. ನನ್ನ ಮಗಳ ಒಂದು ಪಾಲು ವರ್ಷದಿಂದ ಮಳೆ ಬಿಸಿಲಲ್ಲಿ ತೂಗುತ್ತಿದೆ. ಶನಿವಾರ ಅದನ್ನು ಚೆಂಡಾಡುವವರ ಕೈಗೆ ಕೊಡುತ್ತಾರೆ. ವರ್ಷ ತುಂಬುವ ಭಾನುವಾರ ನಾನು ಯಾರಿಗೆ ಎಡೆ ಇಡಲಿ?

ಫ್ಲಶಿಂಗ್

ಪ್ರಸನ್ನ ರಜೆ ಹಾಕಿ ಫ್ಲಶಿಂಗಿನ ಗಣೇಶನ ಗುಡಿಗೆ ಕರೆದುಕೊಂಡು ಹೋದರು. ರೈಲು, ಮತ್ತೆ ನೆಲದೊಳಗಿನ ರೈಲು. ಆ ರೈಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಮ್ಮ ಬಸ್ಸಿನಲ್ಲಾದರೆ ಎಲ್ಲಿಗೆ, ಯಾವೂರು, ಮಕ್ಕಳೆಷ್ಟು ಎಂದು ಮುಗಿಯುವಷ್ಟರಲ್ಲಿ ಊರು ಬಂದಿರುತ್ತದೆ. ಮಕ್ಕಳೆಷ್ಟು ಎಂದು ಯಾರೂ ಕೇಳದ ಆ ರೈಲು ನನಗೆ ಆವತ್ತು ಒಳ್ಳೆಯದೇ ಅನ್ನಿಸಿತು.

ಗುಡಿಯ ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ಹೇಳಿ ಕೂತೆವು. ವಾಣಿ ಇಲ್ಲಿ ಎರಡು ದೋಸೆ ಹೇಳುತ್ತಿದ್ದಳು, ಒಂದು ತಿನ್ನೋಕೆ ಒಂದು ದಾರಿಗೆ ಎಂದು ಪ್ರಸನ್ನ ಹೇಳಿದರು. ಕೇಳಿಬಿಡೋಣ ಅನ್ನಿಸಿ, "ಆ ಕುಡಿಕೆ..." ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ನಂಬರ್ ಕೂಗಿದರು. ಪ್ರಸನ್ನ ಎದ್ದು ಹೋಗಿ ತಟ್ಟೆ ಹಿಡಿದು ಬಂದು ಕೂತು, ತಿನ್ನದೆ ಅದನ್ನೇ ನೋಡುತ್ತಿದ್ದರು. ಆ ಮುಖ ನೋಡಿ ನಾನು ಮಾತು ನುಂಗಿದೆ. ಇವರಿಂದ ಬಿಡಲಾಗುತ್ತಿಲ್ಲ, ಹೆತ್ತವನು ನಾನೇ ಮಾಡಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಲಾಂಗ್ ಬ್ರಾಂಚ್

ಶುಕ್ರವಾರ ಪ್ರಸನ್ನ ಆಫೀಸಿಗೆ ಹೋದ ಮೇಲೆ ಹುರಿ ಬಿಚ್ಚಿ ಕುಡಿಕೆ ಇಳಿಸಿದೆ. ಎಣಿಸಿದ್ದಕ್ಕಿಂತ ಭಾರವಾಗಿತ್ತು. ಆಸ್ಪತ್ರೆಯಲ್ಲಿ ಅವಳನ್ನು ಮೊದಲ ಸಲ ಕೈಗೆ ಕೊಟ್ಟಾಗಲೂ ಇಷ್ಟು ಭಾರವೇ ಎಂದುಕೊಂಡಿದ್ದು ನೆನಪಾಯಿತು. ಕಟ್ಟು ಬಿಚ್ಚಿ ನೋಡುವುದು ನನ್ನ ಕೈಲಾಗುವ ಮಾತಲ್ಲ. ಊರಿನ ಜವಳಿ ಅಂಗಡಿಯ ಬಟ್ಟೆ ಚೀಲದಲ್ಲಿಟ್ಟುಕೊಂಡು ಹೊರಟೆ.

ಪಕ್ಕದ ಮನೆಯ ಧಾರವಾಡದ ಶೈಲಜಾ ಕಸದ ಡಬ್ಬಿ ಎಳೆಯುತ್ತಿದ್ದರು. ಸಮುದ್ರಕ್ಕೆ ಹೇಗೆ ಹೋಗುವುದು ಎಂದು ಕೇಳಿದೆ.

"ಈ ಥಂಡ್ಯಾಗ ಬೀಚಿಗೆ ಹೊಂಟೀರೇನ್ರಿ ಅಂಕಲ್? ಮಂದಿ ಬ್ಯಾಸಗ್ಯಾಗ ಹೋಗ್ತಾರ, ನೀವು ಚೊಲೋ ಟೈಮ್ ಹುಡಿಕೀರಿ ಬಿಡ್ರಿ," ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ರಾಹ್‌ವೇದಲ್ಲಿ ಇಳಿದು ಟ್ರೇನ್ ಚೇಂಜ್ ಮಾಡಬೇಕೆಂದು ಎರಡೆರಡು ಸಲ ಹೇಳಿ, ಟಿಕೆಟ್ಟನ್ನೂ ತಾವೇ ಬಂದು ತೆಗೆಸಿಕೊಟ್ಟರು.

ಇಲ್ಲಿಯ ಕಂಡಕ್ಟರ್ ಟಿಕೆಟ್ಟಿಗೆ ತೂತು ಹಾಕಿ, ಒಂದು ಚೀಟಿಯನ್ನು ಸೀಟಿನ ಮೇಲೆ ಸಿಕ್ಕಿಸಿ ಹೋಗುತ್ತಾನೆ. ಆ ಚೀಟಿ ಇದ್ದರೆ ಮತ್ತೆ ಕೇಳುವುದಿಲ್ಲ. ರಾಹ್‌ವೇದಲ್ಲಿ ಇಳಿದು ಬೇರೆ ಪ್ಲಾಟ್‌ಫಾರ್ಮಿಗೆ ಹೋಗುವ ಬದಲು ಅಲ್ಲೇ ನಿಂತೆ. ಬಂದ ರೈಲು ಹತ್ತುವಷ್ಟರಲ್ಲಿ ಕಪ್ಪು ಕೋಟಿನ ಹೆಂಗಸೊಬ್ಬರು ನನ್ನ ಟಿಕೆಟ್ ನೋಡಿ ತೋಳು ಹಿಡಿದು ಎಳೆದರು. ಅದು ನ್ಯೂಯಾರ್ಕಿನ ರೈಲು. ಅವರು ನನ್ನನ್ನು ಸುರಂಗದಲ್ಲಿ ದಾಟಿಸಿ ಆಚೆಗೆ ಬಿಟ್ಟು, ಓಡಿ ವಾಪಸು ಹೋದರು. ಅವರ ರೈಲು ತಪ್ಪಿತೋ ಸಿಕ್ಕಿತೋ ತಿಳಿಯಲಿಲ್ಲ.

ಲಾಂಗ್ ಬ್ರಾಂಚಿನ ಸಮುದ್ರ ಬೂದುಬಣ್ಣದ್ದು. ದಡದಲ್ಲಿ ಒಬ್ಬನೇ ಮನುಷ್ಯ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಉದ್ದ ಕೋಲಿನ ಯಂತ್ರವನ್ನು ಮರಳ ಮೇಲೆ ಆಡಿಸುತ್ತ ಜನ ಕಳೆದುಕೊಂಡ ಉಂಗುರ, ನಾಣ್ಯ ಹುಡುಕುತ್ತಿದ್ದ. ನಾನು ಚೀಲದಿಂದ ತೆಗೆದ ಕುಡಿಕೆ ನೋಡಿದವನೇ ಯಂತ್ರ ನಿಲ್ಲಿಸಿ, ಹೆಡ್‌ಫೋನು ತೆಗೆದು, ಮುಖ ಆಚೆ ತಿರುಗಿಸಿ ನಿಂತ. ಯಾವ ದೇಶದಲ್ಲೂ ಇದು ಗೊತ್ತಾಗುತ್ತದೆ.

ನೀರಿಗಿಳಿದು ಕುಡಿಕೆಯನ್ನು ಬಿಟ್ಟೆ. ಅಲೆ ಅದನ್ನು ನನ್ನ ಕಾಲಿಗೇ ತಂದು ಹಾಕಿತು. ಮತ್ತೆ ಎತ್ತಿಕೊಂಡು ತೊಡೆವರೆಗೆ ಹೋದೆ. ಎರಡನೇ ಸಲ ಮುಳುಗಿತು. ಹೋಗಿ ಬಾ ಮಗಳೇ ಎಂದೆ. ಬಾ ಅನ್ನಬಾರದಿತ್ತು, ಬಾಯಿಗೆ ಬಂದುಬಿಟ್ಟಿತು. ಆಮೇಲೆ ದಡ ಹತ್ತಿ ಸ್ಟೇಷನ್ನಿನವರೆಗೆ ನಡೆದೆ. ಬೂದಿ ಬಿಟ್ಟು ಬರುವವರು ಹಿಂತಿರುಗಿ ನೋಡಬಾರದು. ನಾನು ನೋಡಲಿಲ್ಲ. ಕತ್ತಿನ ನರವೆಲ್ಲ ಹಿಂದಕ್ಕೆ ಎಳೆಯಿತು, ಆದರೂ ನೋಡಲಿಲ್ಲ.

ಮೆಟುಚೆನ್, ಶನಿವಾರ

ಪ್ರಸನ್ನ ರಾತ್ರಿ ದಣಿದು ಬಂದವರು ಡೆಕ್ಕಿಗೆ ಹೋಗಿರಲಿಲ್ಲ. ನನಗೂ ಹೇಳಲು ಬಾಯಿ ಬಂದಿರಲಿಲ್ಲ. ಬೆಳಿಗ್ಗೆ ಹೊರಡುವ ಮುಂಚೆ ಬಾಗಿಲು ತೆಗೆದು ಬರಿಯ ಕೊಕ್ಕೆ ನೋಡಿದರು. ಅಳಿಲು ಬೀಳಿಸಿತೇನೋ ಎಂದು ಮೊಣಕಾಲೂರಿ ಹಲಗೆಯ ಕೆಳಗೆಲ್ಲ ಹುಡುಕತೊಡಗಿದರು.

"ಹುಡುಕಬೇಡಿ ಪ್ರಸನ್ನ. ನಾನೇ ಬಿಟ್ಟು ಬಂದೆ," ಎಂದೆ.

"ಎಲ್ಲಿಗೆ ಬಿಟ್ಟು ಬಂದ್ರಿ?"

"ಸಮುದ್ರಕ್ಕೆ. ನೀವು ತಪ್ಪು ತಿಳೀಬೇಡಿ. ಅವಳನ್ನ ಹಾಗೆ ಹೊರಗೆ ತೂಗುಹಾಕಿ ನನ್ನ ಕೈಲಿ ಎಡೆ ಇಡೋಕೆ ಆಗ್ತಿರಲಿಲ್ಲ."

ಅವರು ಮೆಟ್ಟಿಲ ಮೇಲೆ ಕೂತರು.

"ಮಾವ, ಅದು ಮಣ್ಣು," ಎಂದರು.

ನನಗೆ ಅರ್ಥವಾಗಲಿಲ್ಲ.

"ಬೂದಿ ಎಲ್ಲಾ ಅವತ್ತೇ ಬಿಟ್ಟೆ. ಒಂದು ಚೂರೂ ಇಟ್ಕೊಳ್ಳಲಿಲ್ಲ. ಇಟ್ಕೋಬೇಕು ಅನ್ನಿಸಿತ್ತು ಮಾವ. ಇಟ್ಕೊಳ್ಳಲಿಲ್ಲ."

ಆಮೇಲೆ ಒಂದೊಂದಾಗಿ ಹೇಳಿದರು. ವಾಣಿ ಅಲ್ಲಿದ್ದಾಗಲೇ ಆ ಕ್ಲಬ್ಬು ನದಿ ಪಕ್ಕದ ಹಳೇ ಮೈದಾನ ಬಿಟ್ಟು ಊರಾಚೆಯ ಹೊಸ ಸ್ಟೇಡಿಯಮ್ಮಿಗೆ ಹೋಯಿತು. ಹಳೆಯ ಜಾಗ ಒಂದು ದೊಡ್ಡ ಅಂಗಡಿಯ ಕಾರು ನಿಲ್ಲಿಸುವ ಬಯಲಾಯಿತು. ಕೊನೆಯ ಆಟದ ದಿನ ಕ್ಲಬ್ಬಿನವರೆಲ್ಲ, ಆಟಗಾರರಿಂದ ಬಟ್ಟೆ ಒಗೆಯುವವರವರೆಗೆ, ಬೊಗಸೆ ತುಂಬ ಆ ಮಣ್ಣು ತೆಗೆದುಕೊಂಡು ಹೋದರು. ಅವರಲ್ಲಿ ಯಾರಾದರೂ ಸತ್ತರೆ, ಅವರ ಪಾಲಿನ ಮಣ್ಣು ಮನೆಯಲ್ಲಿ ಉಳಿಯಬಾರದು. ಆಟ ನಡೆಯುವ ಯಾವುದಾದರೂ ಮೈದಾನದಲ್ಲಿ ಗೋಲು ಕಂಬದ ಬುಡಕ್ಕೆ ಹಾಕಬೇಕು. ವಾಣಿ ತನ್ನ ಪಾಲನ್ನು ಅಲ್ಲಿಯ ಮಣ್ಣಿನ ಪಾತ್ರೆಯಲ್ಲಿ ತುಂಬಿ, ಅಳಿಲು ಕೆದಕದಂತೆ ಆಟಗಾರರಿಗೆ ಸುತ್ತುವ ಬಿಳಿ ಪಟ್ಟಿಯನ್ನೇ ಬಾಯಿಗೆ ಬಿಗಿದು, ಹೊರಗೆ ತೂಗುಹಾಕಿದ್ದಳು. ಮೈದಾನದ ಮಣ್ಣನ್ನು ಮನೆಯೊಳಗೆ ಕೂಡಿಹಾಕಿದರೆ ಅದಕ್ಕೆ ಬೇಜಾರಾಗುತ್ತದೆ ಎನ್ನುತ್ತಿದ್ದಳಂತೆ. ಕಾಯಿಲೆ ಹೆಚ್ಚಾದಾಗ, ಅವರು ಬಂದರೆ ಇದನ್ನು ಕೊಡಿ ಎಂದಿದ್ದಳು. ಅವಳು ಕೇಳಿದ್ದು ಅದೊಂದೇ.

ಮೈಸೂರಿನ ಗರಡಿಮನೆಯಲ್ಲಿ ಮಣ್ಣಿಗೆ ಪೂಜೆ ಮಾಡುತ್ತಾರೆ. ಕಬಡ್ಡಿ ಅಂಕಣಕ್ಕಿಳಿಯುವ ಮುಂಚೆ ನೆಲ ಮುಟ್ಟಿ ಹಣೆಗಿಟ್ಟುಕೊಳ್ಳದ ಹುಡುಗನನ್ನು ನಾನು ಆಡಿಸುತ್ತಿರಲಿಲ್ಲ. ವಾಣಿ ಅದನ್ನು ನೋಡಿಯೇ ಬೆಳೆದವಳು. ಅವಳು ಯಾಕೆ ಆ ಮಣ್ಣು ಇಟ್ಟುಕೊಂಡಳೆಂದು ಪ್ರಸನ್ನ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾನು ಬರಲ್ಲ. ಯಾವ ಮುಖ ಇಟ್ಕೊಂಡು ಬರಲಿ," ಎಂದೆ.

"ಬನ್ನಿ ಮಾವ. ನನಗೊಬ್ಬನಿಗೇ ಹೇಳೋಕೆ ಆಗಲ್ಲ," ಎಂದರು.

ನದಿ ನಡುವಿನ ಮೈದಾನ

ನ್ಯೂಯಾರ್ಕಿನ ನದಿಯ ನಡುವೆ ಒಂದು ದ್ವೀಪ, ತುಂಬ ಆಟದ ಬಯಲುಗಳು, ತಲೆಯ ಮೇಲೆ ಸೇತುವೆ. ಗಾಳಿ ಕೊಯ್ಯುತ್ತಿತ್ತು. ಹಳೆಯ ಆಟಗಾರರು ಹೊಟ್ಟೆ ಬಿಟ್ಟುಕೊಂಡು, ಬಿಗಿಯಾದ ಜೆರ್ಸಿಯಲ್ಲಿ ಒಬ್ಬರನ್ನೊಬ್ಬರು ಗೇಲಿ ಮಾಡುತ್ತ ಓಡುತ್ತಿದ್ದರು. ಅವರ ಹಳೇ ಕ್ಯಾಪ್ಟನ್ ಜೆರಾರ್ ಎಂಬಾತ ಪ್ರಸನ್ನರನ್ನು ಕಂಡು ಬಂದು ಅಪ್ಪಿಕೊಂಡ. ಗರಡಿಯ ಪೈಲ್ವಾನರ ಹಾಗೆ ಅವನ ಕಿವಿ ಮುದುಡಿ ಗಂಟಾಗಿತ್ತು. ಅವನ ಬಲ ಹೆಗಲನ್ನು ವಾಣಿಯೇ ಒಂದು ಇಡೀ ಚಳಿಗಾಲ ತಿಕ್ಕಿ ಸರಿಮಾಡಿದ್ದಂತೆ. ನಾನು ಯಾರೆಂದು ತಿಳಿದ ಮೇಲೆ ಟೊಪ್ಪಿಗೆ ತೆಗೆದ.

ಪ್ರಸನ್ನ ಹೇಳತೊಡಗಿದರು. ನಾನು ತಡೆದು, ನಾನೇ ಹೇಳುತ್ತೇನೆ, ನೀವು ಇಂಗ್ಲಿಷಿನಲ್ಲಿ ಹೇಳಿ ಎಂದೆ. ನಮ್ಮಲ್ಲಿ ಸತ್ತವರ ಬೂದಿಯನ್ನು ಎಂಥ ಕುಡಿಕೆಯಲ್ಲಿಡುತ್ತಾರೆ, ಹೇಗೆ ಕಟ್ಟುತ್ತಾರೆ, ಎಲ್ಲಿ ತೂಗುಹಾಕುತ್ತಾರೆ, ಯಾವ ನೀರಿಗೆ ಬಿಡುತ್ತಾರೆ, ಎಲ್ಲ ಹೇಳಿದೆ. ನಿಮ್ಮ ಮಣ್ಣು ಈಗ ಸಮುದ್ರದಲ್ಲಿದೆ ಎಂದೆ. ಜೆರಾರ್ ತನ್ನವರಿಗೆ ಅವರ ಭಾಷೆಯಲ್ಲಿ ಹೇಳಿದ.

ಅವನು ಸ್ವಲ್ಪ ಹೊತ್ತು ಸೇತುವೆಯ ಕೆಳಗಿನ ನೀರು ನೋಡಿದ. ಆಮೇಲೆ ತಡೆತಡೆದು ಇಂಗ್ಲಿಷಿನಲ್ಲಿ ಮಾತಾಡಿದ. ಪ್ರಸನ್ನ ಕನ್ನಡದಲ್ಲಿ ಹೇಳಿದರು. ಅವರ ಹಳೇ ಮೈದಾನ ಚಳಿಗಾಲದಲ್ಲಿ ನೆರೆ ಬಂದು ಮುಳುಗುತ್ತಿತ್ತಂತೆ. ನೀರಿಳಿದಾಗ ಒಂದು ಪದರ ಮಣ್ಣು ನದಿಯ ಜೊತೆ ಹೋಗಿರುತ್ತಿತ್ತು. ವಸಂತದಲ್ಲಿ ಊರವರೆಲ್ಲ ಕೈಗಾಡಿಯಲ್ಲಿ ಹೊಸ ಮಣ್ಣು ತಂದು ಸುರಿಯುತ್ತಿದ್ದರು. ಅವನ ಅಪ್ಪ ಸುರಿದಿದ್ದ, ಅವನೂ ಸುರಿದಿದ್ದ. ಅವನ ತಾತ ಬಿದ್ದೆದ್ದು ಆಡಿದ ನೆಲ ಎಂದೋ ಸಮುದ್ರ ಸೇರಿಹೋಗಿದೆ.

"ನಮ್ಮ ನದಿ ಹೋಗಿ ಬೀಳೋದು ಇದೇ ಸಮುದ್ರಕ್ಕೆ, ಆಚೆ ದಡದಿಂದ, ಅಂತಿದಾರೆ ಮಾವ," ಎಂದರು ಪ್ರಸನ್ನ. "ನದಿ ನಿಧಾನ. ನೀವು ರೈಲಲ್ಲಿ ತಗೊಂಡು ಹೋದ್ರಿ, ಅಷ್ಟೇ ವ್ಯತ್ಯಾಸ ಅಂತೆ."

ನನ್ನ ಸಮಾಧಾನಕ್ಕೆ ಹೇಳಿದ್ದಿರಬಹುದು. ಮಗಳು ಕೇಳಿದ್ದು ಕಂಬದ ಬುಡ, ನಾನು ಕೊಟ್ಟಿದ್ದು ನೀರು. ಅದು ಯಾರು ಹೇಳಿದರೂ ಬದಲಾಗುವುದಿಲ್ಲ. ಆದರೆ ಜೆರಾರ್ ತನ್ನ ಮಣಿಕಟ್ಟಿಗೆ ಸುತ್ತಿದ್ದ ಬಿಳಿ ಪಟ್ಟಿಯನ್ನು ಹಲ್ಲಿನಿಂದ ಹರಿದು ಬಿಚ್ಚಿ, ನನ್ನ ಕೈಗೆ ಕೊಟ್ಟು, ಕಂಬ ತೋರಿಸಿದ. ವಾಣಿಗೆ ಚಿಕ್ಕಂದಿನಲ್ಲಿ ಮೊಣಕಾಲು ತರಚಿದಾಗ ಕಟ್ಟುತ್ತಿದ್ದ ಹಾಗೆಯೇ, ಬಿಗಿಯಾಗದಂತೆ, ಬಿಚ್ಚಿಹೋಗದಂತೆ, ಕಂಬದ ಬುಡಕ್ಕೆ ಕಟ್ಟಿದೆ.

ಆಮೇಲೆ ನ್ಯೂಯಾರ್ಕಿನ ತಂಡವೊಂದರ ಎದುರು ಆಡಿದರು. ಚೆಂಡು ಹಿಂದಕ್ಕೆ, ಹಿಂದಕ್ಕೆ ಕೈ ಬದಲಾಯಿಸುತ್ತಲೇ ತಂಡ ಮುಂದೆ ಸರಿಯುವುದನ್ನು ಕಣ್ಣಾರೆ ನೋಡಿದೆ. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಒಂದೇ ಮೇಜಿಗೆ ಕೂತು ಉಂಡರು. ಎರಡು ಭಾಗದ ಆಟಕ್ಕೆ ಅದು ಮೂರನೇ ಭಾಗವಂತೆ, ಬಿಟ್ಟು ಹೋಗುವಂತಿಲ್ಲ. ನನ್ನನ್ನು ನಡುವೆ ಕೂರಿಸಿ, ಊಟ ಮುಗಿಯುವವರೆಗೆ ತಟ್ಟೆ ಖಾಲಿಯಾಗಲು ಬಿಡಲಿಲ್ಲ.

ಮತ್ತೆ ಲಾಂಗ್ ಬ್ರಾಂಚ್

ಭಾನುವಾರ ಮುದ್ದೆ ಕಟ್ಟಿದೆ, ಹುರುಳಿಕಾಳಿನ ಸಾರು ಮಾಡಿದೆ. ಪ್ರಸನ್ನ ಅವಳ ಫೋಟೋಗೆ ಹೂವಿಟ್ಟು, ಒಂದು ದೋಸೆ ತಟ್ಟೆಯಲ್ಲೂ ಇನ್ನೊಂದನ್ನು ದಾರಿಗೆಂದು ಕಾಗದದಲ್ಲಿ ಸುತ್ತಿಯೂ ಇಟ್ಟರು. ನಮ್ಮ ರೈಲೋ ಅವಳ ರೈಲೋ, ಹೊರಗೆ ಒಂದು ಕೂಗಿ ಹೋಯಿತು.

ಕಾಗೆಗೆ ಹಾಕುವ ಪಾಲನ್ನು ಕಾರಿನಲ್ಲಿ ಸಮುದ್ರಕ್ಕೆ ಒಯ್ದೆವು. ಅಲ್ಲಿ ಕಾಗೆ ಇರಲಿಲ್ಲ. ಬಿಳಿಯ ಕಡಲಹಕ್ಕಿಗಳು ಬಂದು ಮುದ್ದೆಯನ್ನು ಅನುಮಾನದಿಂದ ಕುಕ್ಕಿ, ಆಮೇಲೆ ಜಗಳವಾಡಿ ತಿಂದವು. ಪ್ರಸನ್ನ ನಕ್ಕದ್ದನ್ನು ನಾನು ಅಲ್ಲಿಗೆ ಹೋದಮೇಲೆ ಅದೇ ಮೊದಲು ನೋಡಿದ್ದು.

ವಾಪಸು ಹೊರಟೆವು. ಪ್ರಸನ್ನ ತಲೆ ತಗ್ಗಿಸಿ ಮುಂದೆ ನಡೆಯುತ್ತಿದ್ದರು. ನಾನು ಅರ್ಧ ದಾರಿಯಲ್ಲಿ ನಿಂತು ತಿರುಗಿದೆ.

"ಮಾವ, ತಿರುಗಿ ನೋಡಬಾರದು ಅಂತಾರೆ. ನಾನು ಅವತ್ತೂ ನೋಡಲಿಲ್ಲ," ಎಂದರು.

"ಅದು ಬೂದಿಗೆ ಕಣಪ್ಪ. ಮಣ್ಣಿಗೆ ಹಾಗೇನಿಲ್ಲ. ಬಾ, ನೀನೂ ನೋಡು," ಎಂದೆ.

ಅವರು ಬಂದು ನನ್ನ ಪಕ್ಕದಲ್ಲಿ ನಿಂತರು. ಚಳಿ ಇತ್ತು. ಕಣ್ಣು ದಣಿಯುವವರೆಗೆ ಇಬ್ಬರೂ ನೋಡಿದೆವು.